ಭೂತದಯೆಯೂ ದಯಾಮರಣವೂ

ಶರಣರು ಬೋಧಿಸಿದ ಭೂತದಯೆಯು ಮಾನವಕುಲಕ್ಕೆ ಮಾತ್ರ ಮೀಸಲಾದುದಲ್ಲ. ಸಕಲ ಜೀವಿಗಳಿಗೂ ಸಲ್ಲತಕ್ಕುದು. ಅಂತಿರಲು, ಅಸಹ್ಯ ವೇದನೆಯಿಂದ ನರಳುವ ಮೂಕಪ್ರಾಣಿಗೆ ಮರಣವನ್ನೀಯುವುದು ದಯೆಯೋ ಹಿಂಸೆಯೋ ಎಂಬ ಶಂಕೆಯುಂಟಾಗುವುದು ಸಹಜ.

೧೯೨೮ರಲ್ಲಿ ಸಾಬರಮತಿ ಆಶ್ರಮದ ಕರುವೊಂದು ಗುಣವಾಗದ ವ್ಯಾಧಿಯಿಂದ ಬಳಲುತ್ತಿರಲು, ಗಾಂಧೀಜಿಯವರು ವೈದ್ಯರಿಂದ ಅದಕ್ಕೆ ಸುಖಮರಣವನ್ನು ಕೊಡಿಸಿದರು. ದೇಶದಲ್ಲಿ ದೊಡ್ಡ ಚರ್ಚೆಯೇ ಎದ್ದಿತು. ಸ್ವಾರ್ಥಕ್ಕಾಗಿ ಕೊಲ್ಲುವುದು ಹಿಂಸೆ. ಅನ್ಯೋಪಾಯವಿಲ್ಲದಾಗ ಪ್ರಾಣಿಯ ನೋವನ್ನು ಕಳೆಯಲೋಸುಗ ಮಾಡಿದುದು ಹಿಂಸೆಯಲ್ಲ ಎಂಬುದೇ ಅವರ ಸಮಾಧಾನದ ಸಾರ.

ಆದರೆ ಸಂಖ್ಯೆ ಹೆಚ್ಚಿತೆಂದು ನಾಯಿಗಳನ್ನು ಕೊಲ್ಲುವುದು ಬೇರೆಯೇ ಮಾತು. ೨೦೨೩ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳೂ ಈ ಭೇದವನ್ನೇ ಹಿಡಿದಿವೆ. ವಾಸಿಯಾಗದ ರೋಗ ಅಥವಾ ಮಾರಣಾಂತಿಕ ಗಾಯವುಳ್ಳ ನಾಯಿಗೆ ಮಾತ್ರ ಪಶುವೈದ್ಯರಿಂದ ದಯಾಮರಣ. ಅದೂ ಮತ್ತೊಂದು ನಾಯಿಯ ಕಣ್ಣೆದುರಿನಲ್ಲಿ ಸಲ್ಲದು. ಆರೋಗ್ಯವುಳ್ಳವಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಹುಚ್ಚುನಾಯಿ ರೋಗದ ಲಸಿಕೆ.

ಹಾಗೆಂದು, ಬೀದಿಯಲ್ಲಿ ಆಡುವ ಕೂಸುಗಳಿಗೆ ನಾಯಿಗಳಿಂದ ಒದಗುವ ಅಪಾಯವನ್ನು ಅಲಕ್ಷಿಸುವುದೂ ದಯೆಯಲ್ಲ. ಕೊಂದು ತೆರವಾದ ಎಡೆಗೆ ಬೇರೆ ನಾಯಿಗಳು ಬರುತ್ತವೆ. ಬೀದಿಗೆಸೆದ ಎಂಜಲೇ ಅವನ್ನು ಕರೆಯುತ್ತದೆ. ದೊಡ್ಡಿಗಳಲ್ಲಿ ಅಳತೆಮೀರಿ ತುಂಬಿದರೆ ರೋಗ ಹಬ್ಬಿ ಆಶ್ರಯವೇ ಯಾತನೆಯಾಗುತ್ತದೆ. ಆದುದರಿಂದ ಹಿರೋಳ್ಳಿಯಂತಹ ನಮ್ಮ ಊರುಗಳಲ್ಲಿ ದಾಸೋಹದ ಎಂಜಲೆಲೆಗಳನ್ನು ಬಯಲಿಗೆ ಚೆಲ್ಲದಿರುವುದು, ಸಾಕಿದ ನಾಯಿಯ ಮರಿಗಳನ್ನು ಸಂತೆಯಲ್ಲಿ ಬಿಟ್ಟುಬರದಿರುವುದು, ಶಸ್ತ್ರಚಿಕಿತ್ಸೆಯ ಏರ್ಪಾಡಿಗಾಗಿ ಪಂಚಾಯತಿಯವರನ್ನು ಒತ್ತಾಯಿಸುವುದು, ಇವೇ ದಯೆಯ ಕಾಯಕ. ಹುಟ್ಟುವ ಮುನ್ನ ವಹಿಸಿದ ಎಚ್ಚರವು, ಹುಟ್ಟಿದುದನ್ನು ಕೊಲ್ಲುವ ಪಾಪದಿಂದ ನಮ್ಮನ್ನು ಪಾರುಮಾಡುತ್ತದೆ. ಸದ್ಭಕ್ತರು ಇದನ್ನು ಮನನಮಾಡಿ ಆಚರಣೆಗೆ ತರಬೇಕು.