ಸೂರ್ಯನ ಹೆಸರಿನ ಧಾತು

ರಸಾಯನಶಾಸ್ತ್ರದಲ್ಲಿ ನಾವು ಬಳಸುವ ಅನೇಕ ಪದಗಳು ಪ್ರಾಚೀನ ಗ್ರೀಕ್ ಭಾಷೆಯಿಂದ ಬಂದವು. ‘ಹೀಲಿಯಮ್’ ಅವುಗಳಲ್ಲಿ ಒಂದು. ಗ್ರೀಕರು ಸೂರ್ಯನನ್ನು ‘ಹೀಲಿಯೋಸ್’ ಎಂದು ಕರೆಯುತ್ತಿದ್ದರು. ಬೆಲೂನಿನಲ್ಲಿ ತುಂಬುವ ಈ ಹಗುರವಾದ ಅನಿಲಕ್ಕೆ ಸೂರ್ಯನ ಹೆಸರು ಏಕೆ ಬಂದಿತು? ಆ ಕಥೆಯ ಮೊದಲ ಅಧ್ಯಾಯವು ನಮ್ಮ ನಾಡಿನ ಆಕಾಶದಲ್ಲಿಯೇ ನಡೆಯಿತು.

1868ನೆಯ ಇಸವಿ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣವಾಯಿತು. ಚಂದ್ರನ ನೆರಳು ಜಮಖಂಡಿ, ವಿಜಾಪುರಗಳನ್ನು ದಾಟಿ, ಯಡ್ರಾಮಿಯ ಸೀಮೆಯ ಮೇಲೆ ಹಾಯ್ದು, ಆಂಧ್ರದ ಗುಂಟೂರಿನ ಕಡೆಗೆ ಸಾಗಿತು. ಜಮಖಂಡಿಯಲ್ಲಿ ಜಾನ್ ಹರ್ಷೆಲ್ ಎಂಬ ಸೇನಾಧಿಕಾರಿಯೂ ಗುಂಟೂರಿನಲ್ಲಿ ಫ್ರಾನ್ಸಿನ ವಿಜ್ಞಾನಿ ಜಾನ್ಸೆನ್ನನೂ ರೋಹಿತದರ್ಶಕವನ್ನು ಹೂಡಿ ಕಾದಿದ್ದರು. ಬೆಳಕನ್ನು ಅದರ ಬಣ್ಣಗಳಾಗಿ ಬಿಡಿಸಿ ತೋರಿಸುವ ಉಪಕರಣವಿದು. ಕಾದು ಬೆಳಗುವ ಪ್ರತಿಯೊಂದು ಅನಿಲವೂ ಇದರಲ್ಲಿ ತನ್ನದೇ ಆದ ಗೆರೆಗಳನ್ನು ಮೂಡಿಸುತ್ತದೆ. ಸೂರ್ಯನ ಅಂಚಿನಿಂದ ಚಿಮ್ಮುವ ಜ್ವಾಲೆಗಳಲ್ಲಿ ಅಂದು ಹೊಳೆಯುವ ಗೆರೆಗಳು ಕಂಡವು. ಅವುಗಳಲ್ಲಿ ಒಂದು, ಸೋಡಿಯಮ್ಮಿನ ಹಳದಿ ಗೆರೆಗಳ ಸಮೀಪದಲ್ಲಿತ್ತು.

ಅದೇ ವರ್ಷ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ನಾರ್ಮನ್ ಲಾಕ್ಯರನು ಗ್ರಹಣವಿಲ್ಲದೆಯೇ ಈ ಜ್ವಾಲೆಗಳನ್ನು ಪರೀಕ್ಷಿಸಿದನು. ಆ ಹಳದಿ ಗೆರೆ ಸೋಡಿಯಮ್ಮಿನದಾಗಿರಲಿಲ್ಲ. ಭೂಮಿಯ ಮೇಲೆ ಅಂದು ತಿಳಿದಿದ್ದ ಯಾವ ಧಾತುವಿಗೂ ಹೊಂದಲಿಲ್ಲ. ಇದು ಸೂರ್ಯನಲ್ಲಿರುವ ಹೊಸ ಧಾತುವೆಂದು ಅವನು ಊಹಿಸಿದನು. ‘ಹೀಲಿಯಮ್’ ಎಂಬ ಹೆಸರು ಹುಟ್ಟಿತು. ಸೋಡಿಯಮ್, ಕ್ಯಾಲ್ಸಿಯಮ್ ಮುಂತಾದ ಲೋಹಗಳ ಹೆಸರಿನಂತೆ ಇದಕ್ಕೂ ‘ಇಯಮ್’ ಎಂಬ ಅಂತ್ಯ ಸೇರಿತು.

ಹೆಸರು ಬಂದಿತು, ವಸ್ತು ಮಾತ್ರ ಕೈಗೆ ಸಿಕ್ಕಿರಲಿಲ್ಲ. ಅನೇಕರು ಅದನ್ನು ನಂಬಲಿಲ್ಲ. 1895ರಲ್ಲಿ ವಿಲಿಯಮ್ ರ‍್ಯಾಮ್ಸೆಯು ಯುರೇನಿಯಮ್ ಇರುವ ಖನಿಜವೊಂದನ್ನು ಆಮ್ಲದಲ್ಲಿ ಕರಗಿಸಿ, ಹೊರಬಂದ ಅನಿಲವನ್ನು ಪರೀಕ್ಷಿಸಿದಾಗ ಅದೇ ಹಳದಿ ಗೆರೆ ಮೂಡಿತು! ಸೂರ್ಯನ ಧಾತು ಭೂಮಿಯಲ್ಲಿಯೂ ಇತ್ತು. ಆದರೆ ಅದು ಲೋಹವಲ್ಲ, ಅನಿಲ.

ಇದರ ಹಲವು ಬಂಧುಗಳ ಹೆಸರುಗಳೂ ಗ್ರೀಕ್ ಮೂಲದವೇ. ಆರ್ಗಾನ್ ಎಂದರೆ ‘ಸೋಮಾರಿ’, ನಿಯಾನ್ ‘ಹೊಸದು’, ಕ್ರಿಪ್ಟಾನ್ ‘ಅಡಗಿದ್ದು’, ಕ್ಸೆನಾನ್ ‘ಅಪರಿಚಿತ’. ಇವೆಲ್ಲ ‘ಆನ್’ ಎಂದು ಕೊನೆಗೊಂಡರೆ, ಹೀಲಿಯಮ್ ಒಂದೇ ಲೋಹದ ಅಂತ್ಯವನ್ನು ಉಳಿಸಿಕೊಂಡಿದೆ. ಮಾನವನು ಅದನ್ನು ಮೊದಲು ಎಲ್ಲಿ ಕಂಡನು ಎಂಬುದನ್ನು ಆ ಪದದ ಮೊದಲ ಭಾಗ ಹೇಳುತ್ತದೆ. ಏನೆಂದು ತಪ್ಪಾಗಿ ಊಹಿಸಿದನು ಎಂಬುದನ್ನು ಕೊನೆಯ ಭಾಗ ಹೇಳುತ್ತದೆ. ವಿಜ್ಞಾನವು ತಪ್ಪನ್ನು ತಿದ್ದಿಕೊಂಡಿತು. ಪದವು ಅದರ ನೆನಪನ್ನು ಕಾಯ್ದುಕೊಂಡಿತು.

ಪ್ರಶ್ನೆಗಳು

1. ‘ಹೀಲಿಯಮ್’ ಪದದ ಎರಡು ಭಾಗಗಳು ಏನನ್ನು ಸೂಚಿಸುತ್ತವೆ?
2. ರೋಹಿತದರ್ಶಕದಿಂದ ಧಾತುವನ್ನು ಗುರುತಿಸುವುದು ಹೇಗೆ?
3. ರ‍್ಯಾಮ್ಸೆಯ ಪ್ರಯೋಗದಿಂದ ಲಾಕ್ಯರನ ಊಹೆಯಲ್ಲಿ ಯಾವುದು ನಿಜವಾಯಿತು? ಯಾವುದು ಸುಳ್ಳಾಯಿತು?