ಪಾರ್ಸೆಲ್‌ನಲ್ಲಿ ಬಾವುಟ ಕಳಿಸಿದ್ದೇನೆ

ಚಿ. ಪುಟ್ಟಿಗೆ,

ಇಲ್ಲಿ ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿದು ಎಂಟು ದಿನವಾಯಿತು.

ಮೊನ್ನೆ ಫೋನಿನಲ್ಲಿ ನೀನು, ಅಪಾರ್ಟ್‌ಮೆಂಟಿನ ಸ್ವಾತಂತ್ರ್ಯೋತ್ಸವದ ಜವಾಬ್ದಾರಿ ಈ ಸಲ ನನ್ನದೇ ಅಜ್ಜಾ, ಇನ್ನೂರು ಬಾವುಟ ಆನ್‌ಲೈನ್‌ನಲ್ಲಿ ತರಿಸುತ್ತಿದ್ದೇನೆ, ಬಹಳ ಅಗ್ಗಕ್ಕೆ ಸಿಕ್ಕಿವೆ ಎಂದೆ. ನಿನ್ನ ದನಿಯಲ್ಲಿ ಅಷ್ಟು ಸಂಭ್ರಮವಿತ್ತು. ಮರುಮಾತಾಡಲು ನನಗೆ ಮನಸ್ಸಾಗಲಿಲ್ಲ. ರಾತ್ರಿ ನಿದ್ದೆ ಹತ್ತಲಿಲ್ಲ. ಅದಕ್ಕೇ ಈ ಕಾಗದ.

ಹೋದ ವರ್ಷ ಆಗಸ್ಟ್ 16ರ ಬೆಳಗ್ಗೆ ವಾಕಿಂಗ್‌ಗೆ ಹೋದವನಿಗೆ ಗಟಾರದ ಅಂಚಿನಲ್ಲಿ, ಕಂಪೌಂಡಿನ ಬುಡದಲ್ಲಿ ಬಾವುಟಗಳು ಕಂಡವು. ಹನ್ನೊಂದು ಎತ್ತಿಕೊಂಡು ಬಂದು ತೊಳೆದೆ. ಹಾಳಾದ ಬಾವುಟವನ್ನು ಏಕಾಂತದಲ್ಲಿ, ಇಡಿಯಾಗಿ, ಸಾಧ್ಯವಾದರೆ ಸುಟ್ಟು, ಗೌರವದಿಂದ ಕಳಿಸಿಕೊಡಬೇಕೆಂದು ಧ್ವಜ ಸಂಹಿತೆ ಹೇಳುತ್ತದೆ. ಹಿತ್ತಲಲ್ಲಿ ಬೆಂಕಿ ಮಾಡಿ ಒಂದನ್ನು ಇಟ್ಟೆ. ಅದು ಉರಿಯಲಿಲ್ಲ ಪುಟ್ಟಿ, ಕರಗಿತು. ಮುದುಡಿಕೊಂಡು, ಕರಿಹೊಗೆ ಬಿಟ್ಟು, ಹನಿಹನಿಯಾಗಿ ತೊಟ್ಟಿಕ್ಕಿ, ಆರಿದ ಮೇಲೆ ಕಲ್ಲಿನಂಥ ಗಂಟಾಯಿತು. ಹತ್ತಿಬಟ್ಟೆ ಸುಟ್ಟರೆ ಕಾಗದದ ವಾಸನೆ ಬರುತ್ತದೆ, ಬೆರಳಿಗೆ ಪುಡಿಯಾಗುವ ಬೂದಿ ಉಳಿಯುತ್ತದೆ, ಅದನ್ನು ದಾಸವಾಳದ ಬುಡಕ್ಕೆ ಹಾಕಬಹುದು. ಈ ಗಂಟನ್ನು ಎಲ್ಲಿ ಹಾಕಲಿ? ಮಿಕ್ಕ ಹತ್ತು ಬಾವುಟ ಇನ್ನೂ ನನ್ನ ಟ್ರಂಕಿನಲ್ಲಿವೆ.

ಇಂಥ ಬಾವುಟ ತರಿಸಿ ನೀನು ನಿಯಮವನ್ನೇನೂ ಮುರಿದಿಲ್ಲ. 2021ರ ಡಿಸೆಂಬರ್ 30ರಂದು ಸಂಹಿತೆ ತಿದ್ದಿ, ಪಾಲಿಯೆಸ್ಟರ್‌ಗೂ ಯಂತ್ರದಲ್ಲಿ ನೇಯ್ದ ಬಟ್ಟೆಗೂ ಒಪ್ಪಿಗೆ ಕೊಟ್ಟರು. ಅಲ್ಲಿಯವರೆಗೆ ಬಟ್ಟೆಯ ಬಾವುಟವೆಂದರೆ ಕೈಯಲ್ಲಿ ನೂತು ಕೈಯಲ್ಲಿ ನೇಯ್ದ ಖಾದಿಯದೇ ಆಗಿರಬೇಕಿತ್ತು. ಆ ಖಾದಿಗೆ ನಮ್ಮ ಗರಗ ಹೆಸರಾದ ಊರು, ಧಾರವಾಡ ತಾಲೂಕಿನದೇ.

ಗರಗದಲ್ಲಿ ನನ್ನ ಸೋದರತ್ತೆಯ ಮನೆಯಿತ್ತು. ಸೂಟಿಗೆ ಹೋದಾಗ ಪಡಸಾಲೆಯಲ್ಲಿ ಅವಳ ರಾಟಿಯ ಮುಂದೆ ಕೂರುತ್ತಿದ್ದೆ. ಎಡಗೈಯಲ್ಲಿ ಹಂಜಿ ಹಿಡಿದು ಅವಳು ಎಳೆ ಎಳೆಯುವಾಗ ಉಸಿರೂ ಅದರ ಜೊತೆ ಹೋಗುತ್ತಿದೆಯೇನೋ ಅನಿಸುತ್ತಿತ್ತು. ಲಡಿಗೆ ಇಷ್ಟು ಎಂದು ಕೂಲಿ. ಗಂಡ ತೀರಿಕೊಂಡ ಮೇಲೆ ಇಬ್ಬರು ಮಕ್ಕಳನ್ನು ಓದಿಸಿದ್ದು ಆ ಲಡಿಗಳ ಮೇಲೆ. ನಾನು ಒಂದು ಸಲ ರಾಟಿ ತಿರುವಿ ಎಳೆ ಹರಿದಾಗ ಬೈಯಲಿಲ್ಲ. ತುದಿಗೆ ತುದಿ ಹೊಸೆದು ಕೂಡಿಸುವುದನ್ನು ತೋರಿಸಿಕೊಟ್ಟಳು.

ಹುಬ್ಬಳ್ಳಿಯ ಬೆಂಗೇರಿಗೆ ನಿನ್ನನ್ನು ಕರೆದೊಯ್ಯಬೇಕೆಂದು ಎಷ್ಟೋ ಸಲ ಅಂದುಕೊಂಡೆ, ಆಗಲೇ ಇಲ್ಲ. 1957ರಲ್ಲಿ ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿದೆ. ಬಾಗಲಕೋಟೆ ಕಡೆಯ ತುಳಸಿಗೇರಿಯಲ್ಲಿ ನೇಯ್ದ ಬಟ್ಟೆ ಅಲ್ಲಿಗೆ ಬಂದು ಬಾವುಟವಾಗುತ್ತದೆ. ಕೇಸರಿ, ಹಸಿರು ಬಣ್ಣ ಕಟ್ಟಬೇಕು; ಬಿಳಿಯ ಎರಡೂ ಮೈಗೆ ಇಪ್ಪತ್ನಾಲ್ಕು ಅರದ ಚಕ್ರ ಒತ್ತಬೇಕು, ಒಂದು ಮಗ್ಗುಲಿನದು ಇನ್ನೊಂದರ ಬೆನ್ನಿಗೆ ಸರಿಯಾಗಿ ಕೂರಬೇಕು. ಮೂರು ಪಟ್ಟಿ ಒಂದೇ ಅಳತೆಗೆ ಕತ್ತರಿಸಿ, ಹೊಲಿದು, ಕಂಬದ ಕಡೆಯ ಅಂಚಿಗೆ ದಪ್ಪ ಖಾದಿ ಕೂಡಿಸಿ ಹಗ್ಗ ಸೇರಿಸಬೇಕು. ಕೆಲಸದವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ನಮ್ಮ ದೇಶ ವಸ್ತುಗಳ ಗುಣಮಟ್ಟಕ್ಕೆ ಮಾನಕ ಬರೆಯಲು ಹೊರಟಾಗ ಒಂದನೆಯ ಸಂಖ್ಯೆ ಕೊಟ್ಟದ್ದು ಈ ಬಾವುಟಕ್ಕೇ. ಸಿಮೆಂಟಿಗಲ್ಲ, ಉಕ್ಕಿಗಲ್ಲ. ಇದನ್ನು ನೆನೆದರೆ ನನಗೆ ಈಗಲೂ ಎದೆ ತುಂಬುತ್ತದೆ.

ತಿದ್ದುಪಡಿಯಾದ ಮೇಲೆ ಸಂಘದವರು ಪ್ರತಿಭಟಿಸಿದರು, ಹಳೆಯ ನಿಯಮ ಉಳಿಸಿ ಎಂದು ಬೇಡಿಕೊಂಡರು. ಆಗಲಿಲ್ಲ.

ಇದಕ್ಕೆ ಇನ್ನೊಂದು ಮಗ್ಗುಲಿದೆ, ಅದನ್ನೂ ಬಲ್ಲೆ. 2022ರಲ್ಲಿ ಅಂಚೆ ಕಚೇರಿಯಲ್ಲಿ 25 ರೂಪಾಯಿಗೆ ಬಾವುಟ ಮಾರಿದರು. ನಮ್ಮ ಓಣಿಯ ಬಾಳೆಹಣ್ಣಿನವಳು ಒಂದನ್ನು ತಂದು ತಳ್ಳುಗಾಡಿಗೆ ಕಟ್ಟಿ, ಸಂಜೆ ಮಡಚಿ ಗಲ್ಲೆಯಲ್ಲಿಟ್ಟುಕೊಂಡಳು. ಅವಳಿಗೆ ಖಾದಿಯದು ಕೊಳ್ಳು ಎನ್ನುವ ಬಾಯಿ ನನಗಿಲ್ಲ. 2002ರ ಜನವರಿ 26ರಂದು ಈ ಸಂಹಿತೆ ಬರುವವರೆಗೆ ನನ್ನಂಥವರು ಮನಸ್ಸು ಬಂದ ದಿನ ಮನೆಯ ಮೇಲೆ ಬಾವುಟ ಹಾರಿಸುವಂತೆಯೇ ಇರಲಿಲ್ಲ. ಎಲ್ಲರ ಕೈಗೂ ಅದು ಸಿಗುವುದು ದೊಡ್ಡ ಮಾತು. 1938ರ ಏಪ್ರಿಲ್‌ನಲ್ಲಿ, ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ, ಬಾವುಟ ಹಾರಿಸಬಾರದೆಂಬ ಆಜ್ಞೆಗೆ ಮಣಿಯದ ಜನ ಪೊಲೀಸರ ಗುಂಡಿಗೆ ಪ್ರಾಣ ಬಿಟ್ಟರು. ನೀವು ಗೆಳತಿಯರು ನಂದಿಬೆಟ್ಟಕ್ಕೆ ಹೋಗುತ್ತೀರಲ್ಲ, ಒಮ್ಮೆ ಅಲ್ಲಿಗೂ ಹೋಗಿ ಬನ್ನಿ.

ಆದರೆ ನಿನ್ನ ಇನ್ನೂರು ಬಾವುಟ ಬಾಳೆಹಣ್ಣಿನವಳ ಒಂದರ ಹಾಗಲ್ಲ. ಅವು ಒಂದು ಗಂಟೆ ಮಕ್ಕಳ ಕೈಯಲ್ಲಿ ಆಡಿ, ತಿಂಡಿಯ ತಟ್ಟೆಗಳ ಜೊತೆ ಮೂಲೆ ಸೇರುತ್ತವೆ. ಅಗ್ಗಕ್ಕೆ ಬಂದದ್ದನ್ನು ಯಾರೂ ಕಾಯುವುದಿಲ್ಲ, ಪುಟ್ಟಿ. ಬಟ್ಟೆ, ಚಪ್ಪಲಿ, ಆಟಿಕೆ, ಎಲ್ಲದರಲ್ಲೂ ಇದನ್ನೇ ನೋಡುತ್ತಿದ್ದೇನೆ. ಬಾವುಟಕ್ಕೂ ಬಂದಾಗ ತಡೆಯಲಾಗಲಿಲ್ಲ.

ಆರ್ಡರ್ ರದ್ದು ಮಾಡಲು ಆದರೆ ಮಾಡು. ಎಲ್ಲರ ಹೆಸರಲ್ಲಿ ಬೆಂಗೇರಿಯಿಂದ ಒಂದೇ ಒಂದು ದೊಡ್ಡ ಬಾವುಟ ತರಿಸಿ, ಅದರ ಕಥೆಯನ್ನು ಮಕ್ಕಳಿಗೆ ಹೇಳು. ಆಗದಿದ್ದರೆ ಸಂಜೆಯೊಳಗೆ ಇನ್ನೂರನ್ನೂ ಎಣಿಸಿ ವಾಪಸು ತೆಗೆದುಕೊಂಡು ಮುಂದಿನ ವರ್ಷಕ್ಕೆ ಎತ್ತಿಡು. ಎಣಿಸಲು ಮಕ್ಕಳನ್ನೇ ಕೂರಿಸು.

ಇದರ ಜೊತೆ ಒಂದು ಪಾರ್ಸೆಲ್ ಬರುತ್ತದೆ. ನೀನು ಹುಟ್ಟಿದ ವರ್ಷ, 2002ರಲ್ಲಿ, ಖಾದಿ ಭಂಡಾರದಲ್ಲಿ ನಾನು ಕೊಂಡ ಬಾವುಟ. ಹಸಿರು ಪಟ್ಟಿಯ ಮೂಲೆ ಬಿಚ್ಚಿತ್ತು, ನಿಮ್ಮಜ್ಜಿ ಹೊಲಿದಿದ್ದಾಳೆ. ಬೇವಿನೆಲೆ ಇಟ್ಟಿದ್ದೇನೆ, ಕೊಡವಿ ತೆಗೆ. ನಿನ್ನ ಬಾಲ್ಕನಿಗೆ ಅಳತೆ ಸರಿಹೋಗುತ್ತದೆ. ಮಳೆಗೆ ನೆನೆದರೆ ಹಿಂಡಬೇಡ, ನೆರಳಲ್ಲಿ ಹರವು; ಬಿಸಿಲಿಗೆ ಹಾಕಿದರೆ ಕೇಸರಿ ಇಳಿಯುತ್ತದೆ.

ನಿನ್ನ ಪ್ರೀತಿಯ
ಅಜ್ಜ