ಪಿಯು ವರ್ಷಗಳ ಒತ್ತಡ ಮತ್ತು ವಿದ್ಯಾರ್ಥಿಯ ಆರೈಕೆ

ಕರ್ನಾಟಕದಲ್ಲಿ ಓದಿನ ಭಾರ ಒಮ್ಮೆಲೇ ಏರುವುದು ಎಸ್ಸೆಸ್ಸೆಲ್ಸಿ ಮುಗಿಸಿ ಪಿಯು ಸೇರಿದ ಮೇಲೆ. ಹತ್ತನೇ ತರಗತಿಯವರ ಮುಂದೆ ಇರುವುದು ಒಂದೇ ಪರೀಕ್ಷೆ. ದ್ವಿತೀಯ ಪಿಯು ವಿಜ್ಞಾನದ ವಿದ್ಯಾರ್ಥಿ ಅದೇ ಪಾಠವನ್ನು ಎರಡು ಮೂರು ಪರೀಕ್ಷೆಗಳಿಗಾಗಿ ಬೇರೆ ಬೇರೆ ರೀತಿಯಲ್ಲಿ ಓದಬೇಕು. ಬೋರ್ಡ್ ಪರೀಕ್ಷೆಯಲ್ಲಿ ಉತ್ತರವನ್ನು ಹಂತಹಂತವಾಗಿ ಬರೆದು ತೋರಿಸಬೇಕು. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪಿಗೆ ಅಂಕ ಕಡಿತವಿಲ್ಲದ್ದರಿಂದ ಗೊತ್ತಿಲ್ಲದ ಪ್ರಶ್ನೆಗೂ ಒಂದು ಉತ್ತರ ಗುರುತು ಮಾಡಿ ಬರುವುದೇ ಜಾಣತನ. ನೀಟ್‌ನಲ್ಲಿ 180 ಪ್ರಶ್ನೆಗೆ 720 ಅಂಕ, ಪ್ರತಿ ತಪ್ಪಿಗೆ ಒಂದು ಅಂಕ ಹೋಗುತ್ತದೆ. ಸಿಇಟಿಯ ಜಾಣತನ ಇಲ್ಲಿ ಮುಳುವಾಗುತ್ತದೆ. ಎಂಜಿನಿಯರಿಂಗ್ ಸಿಇಟಿ ರ‍್ಯಾಂಕಿನಲ್ಲಿ ಪಿಯು ಅಂಕಕ್ಕೆ ಅರ್ಧ ಪಾಲು ಇರುವುದರಿಂದ ಬೋರ್ಡ್ ಪರೀಕ್ಷೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಜೆಇಇ ಬರೆಯುವವರಿಗೆ ಜನವರಿಯ ಸುತ್ತು ಈ ಸಿದ್ಧತೆಯ ನಡುವೆಯೇ ಬಂದು ಬೀಳುತ್ತದೆ.

2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಸತ್ತರು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ದಾಖಲಿಸಿದೆ. ಎಲ್ಲದಕ್ಕೂ ಪರೀಕ್ಷೆಯೇ ಕಾರಣ ಎಂದು ಹೇಳಲಾಗದು. ಮನೆಯ ಜಗಳ, ಸಾಲ, ಕಾಯಿಲೆ, ಅವಮಾನ, ಒಂಟಿತನ ಇವೆಲ್ಲ ಒಂದರೊಳಗೊಂದು ಸೇರಿಕೊಂಡಿರುತ್ತವೆ. ಪರೀಕ್ಷೆಯ ದಿನಗಳಲ್ಲಿ ಅವೆಲ್ಲ ಒಟ್ಟಿಗೇ ಮೇಲೇಳುತ್ತವೆ.

ಪಿಯು ತರಗತಿಗಳಿಗೆ ಪಾಠ ಹೇಳುತ್ತ, ವಿದ್ಯಾರ್ಥಿನಿಯರ ಹಾಸ್ಟೆಲಿನ ಮೇಲ್ವಿಚಾರಣೆಯನ್ನೂ ನೋಡಿಕೊಂಡ ಈ ಲೇಖಕಿಗೆ ಅನುಭವದಿಂದ ಖಚಿತವಾದ ಮಾತೊಂದಿದೆ. ವರ್ಷಕ್ಕೊಮ್ಮೆ ಸಭಾಂಗಣದಲ್ಲಿ ನಡೆಯುವ ಪ್ರೇರಣಾ ಭಾಷಣದ ಹುರುಪು ಒಂದು ವಾರವೂ ನಿಲ್ಲುವುದಿಲ್ಲ. ರಾತ್ರಿ ಎಷ್ಟು ಗಂಟೆಗೆ ದೀಪ ಆರುತ್ತದೆ, ಅಂಕವನ್ನು ಯಾರ ಎದುರು ಓದಿ ಹೇಳುತ್ತಾರೆ, ಮನೆಯಿಂದ ಬರುವ ಫೋನಿನಲ್ಲಿ ಮೊದಲ ಮಾತು ಏನು ಎಂಬ ಸಣ್ಣ ಸಂಗತಿಗಳು ದಿನವೂ ಕೆಲಸ ಮಾಡುತ್ತವೆ. ಆರೈಕೆ ಅಂದರೆ ಮುಖ್ಯವಾಗಿ ಇವನ್ನು ಸರಿಪಡಿಸುವ ಕೆಲಸ.

ಪ್ರಥಮ ಪಿಯುವಿನ ಮೊದಲ ಮೂರು ತಿಂಗಳು ತುಂಬ ನಾಜೂಕಿನ ಕಾಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ವಿಜ್ಞಾನ ವಿಭಾಗದಲ್ಲಿ ಪಾಠವೂ ಪುಸ್ತಕವೂ ಪ್ರಶ್ನೆಪತ್ರಿಕೆಯೂ ಇಂಗ್ಲಿಷಿನಲ್ಲಿ ಎದುರಾಗುತ್ತವೆ. ಊರಿನ ಪ್ರೌಢಶಾಲೆಗೆ ಮೊದಲಿಗಳಾಗಿ, ಸನ್ಮಾನದಲ್ಲಿ ಶಾಲು ಹೊದಿಸಿಕೊಂಡು ಬಂದ ಹುಡುಗಿಗೆ ಮೊದಲ ಕಿರುಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಆರೋ ಏಳೋ ಅಂಕ ಬಂದರೆ, ತನಗೆ ತೊಡಕಾಗಿರುವುದು ಭಾಷೆ ಎಂದು ಅವಳಿಗೆ ಹೊಳೆಯುವುದಿಲ್ಲ. ತಾನು ದಡ್ಡಿ, ಎಸ್ಸೆಸ್ಸೆಲ್ಸಿಯ ಅಂಕವೇ ಏನೋ ಆಕಸ್ಮಿಕ ಎಂದುಕೊಳ್ಳುತ್ತಾಳೆ. ಅಷ್ಟು ಹೆಮ್ಮೆಪಟ್ಟ ಮನೆಯವರಿಗೆ ಅದನ್ನು ಹೇಗೆ ಹೇಳುವುದು? ಬೆಂಚಿನಿಂದ ಬೆಂಚಿಗೆ ಹಿಂದೆ ಸರಿಯುತ್ತಾಳೆ, ಸಂಶಯ ಕೇಳುವುದನ್ನು ಬಿಡುತ್ತಾಳೆ, ಉತ್ತರಗಳನ್ನು ಅರ್ಥವಾಗದೆ ಬಾಯಿಪಾಠ ಮಾಡತೊಡಗುತ್ತಾಳೆ. ಬಾಯಿಪಾಠಕ್ಕೆ ಹೆಚ್ಚು ಹೊತ್ತು ಬೇಕು, ಆ ಹೊತ್ತು ನಿದ್ದೆಯಿಂದ ಹೋಗುತ್ತದೆ. ಡಿಸೆಂಬರಿನ ಹೊತ್ತಿಗೆ ಆರ್ಟ್ಸಿಗೆ ಬದಲಾಯಿಸಿಕೊಳ್ಳುತ್ತೇನೆ ಎಂದು ಅಳುತ್ತ ಬರುವವರ ತೊಂದರೆ ಹೆಚ್ಚಾಗಿ ಜುಲೈಯಲ್ಲಿ ಶುರುವಾದದ್ದು.

ಇದಕ್ಕೆ ಪರಿಹಾರಗಳು ದುಬಾರಿಯವೇನಲ್ಲ. ಮೊದಲ ಕೆಲವು ವಾರ ಪ್ರತಿ ಕಲ್ಪನೆಯನ್ನು ಮೊದಲು ಕನ್ನಡದಲ್ಲಿ ವಿವರಿಸಿ, ಆಮೇಲೆ ಇಂಗ್ಲಿಷ್ ಪರಿಭಾಷೆಗೆ ದಾಟಿಸಬಹುದು. ಮೊದಲ ಕಿರುಪರೀಕ್ಷೆಯಲ್ಲಿ ಕನ್ನಡದಲ್ಲಿ ಬರೆದ ಉತ್ತರಕ್ಕೂ ಪೂರ್ಣ ಅಂಕ ಕೊಡುತ್ತೇವೆಂದು ಮುಂಚೆಯೇ ಸಾರಿದರೆ, ಯಾರಿಗೆ ವಿಷಯ ಗೊತ್ತಿದೆ, ಯಾರಿಗೆ ಭಾಷೆ ಮಾತ್ರ ಅಡ್ಡಿ ಎಂಬುದು ಉಪನ್ಯಾಸಕರಿಗೂ ತಿಳಿಯುತ್ತದೆ, ವಿದ್ಯಾರ್ಥಿಗೂ ತಿಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಇದೇ ದಾರಿಯಲ್ಲಿ ನಡೆದು ದ್ವಿತೀಯ ಪಿಯುಗೆ ಬಂದ ಅಕ್ಕಂದಿರ ಜೊತೆ ಸಂಜೆ ಅರ್ಧ ಗಂಟೆ ಕೂರಿಸುವುದು. ‘ನಂಗೂ ಹಿಂಗೇ ಆಗಿತ್ತು ಕಣೇ, ದಸರಾ ರಜೆ ಕಳೆಯೋ ಹೊತ್ತಿಗೆ ಸರಿಹೋಯ್ತು’ ಎಂಬ ಮಾತು ಅಕ್ಕನ ಬಾಯಲ್ಲಿ ಬಂದಾಗ ಇರುವ ತೂಕ ಪ್ರಾಚಾರ್ಯರ ಬಾಯಲ್ಲಿ ಬಂದಾಗ ಇರುವುದಿಲ್ಲ.

ನಿದ್ದೆಯ ವಿಷಯದಲ್ಲಿ ಮನೆಯವರೂ ಕಾಲೇಜಿನವರೂ ಒಂದೇ ತಪ್ಪು ತಿಳಿವಳಿಕೆ ಇಟ್ಟುಕೊಂಡಿರುತ್ತಾರೆ: ನಿದ್ದೆ ಕಡಿಮೆಯಾದಷ್ಟೂ ಓದು ಹೆಚ್ಚುತ್ತದೆ ಎಂದು. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂಬುದು ವೈದ್ಯಕೀಯ ಶಿಫಾರಸು. ಪ್ರಾಯಕ್ಕೆ ಬರುವ ಕಾಲದಲ್ಲಿ ದೇಹದ ಗಡಿಯಾರವೇ ಹಿಂದಕ್ಕೆ ಸರಿಯುವುದರಿಂದ ಅವರಿಗೆ ರಾತ್ರಿ ಬೇಗ ನಿದ್ದೆ ಹತ್ತುವುದಿಲ್ಲ, ಬೆಳಿಗ್ಗೆ ಬೇಗ ಎಚ್ಚರವಾಗುವುದಿಲ್ಲ, ಅದು ಸೋಮಾರಿತನವಲ್ಲ. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಗೊಳ್ಳುವ ಕೆಲಸದ ದೊಡ್ಡ ಪಾಲು ನಿದ್ದೆಯಲ್ಲೇ ನಡೆಯುತ್ತದೆ. ರಾತ್ರಿ ಹನ್ನೊಂದರವರೆಗೆ ಸ್ಟಡಿ ಅವರ್, ನಸುಕಿನ ಐದಕ್ಕೆ ಮತ್ತೆ ಗಂಟೆ ಎಂಬ ವೇಳಾಪಟ್ಟಿಯಲ್ಲಿ ಮಲಗಲು ಸಿಗುವುದು ಆರು ಗಂಟೆಗೂ ಕಡಿಮೆ. ಇಂಥ ಹಾಸ್ಟೆಲಿನಲ್ಲಿ ಬೆಳಗಿನ ಓದಿನ ಹೊತ್ತಿಗೆ ಒಮ್ಮೆ ಸುತ್ತು ಹಾಕಿದರೆ ಸಾಕು: ಪುಸ್ತಕ ತೆರೆದಿರುತ್ತದೆ, ಕಣ್ಣು ಮುಚ್ಚಿರುತ್ತದೆ. ರಾತ್ರಿ ಹತ್ತೂವರೆಗೆ ಕಡ್ಡಾಯವಾಗಿ ದೀಪ ಆರಿಸಿ, ಬೆಳಿಗ್ಗೆ ಆರೂವರೆಯವರೆಗೆ ಯಾರನ್ನೂ ಎಬ್ಬಿಸದಂತೆ ಮಾಡಿದಾಗ ಪೋಷಕರಿಂದ ಆಕ್ಷೇಪ ಬರುತ್ತದೆ. ಪಕ್ಕದ ಕಾಲೇಜಿನಲ್ಲಿ ನಾಲ್ಕೂವರೆಗೇ ಏಳಿಸುತ್ತಾರಂತೆ ಎಂಬ ಹೋಲಿಕೆಯೂ ಬರುತ್ತದೆ. ಆದರೆ ತಲೆನೋವೆಂದು ಮಲಗುವವರು, ತರಗತಿಯಲ್ಲಿ ತೂಕಡಿಸುವವರು, ಸಣ್ಣ ಮಾತಿಗೆ ಕಣ್ಣೀರಾಗುವವರು ಕಡಿಮೆಯಾಗುವುದು ಕಣ್ಣಿಗೇ ಕಾಣುತ್ತದೆ. ಸಂಜೆ ಒಂದು ಗಂಟೆ ಆಟ, ಭಾನುವಾರ ಅರ್ಧ ದಿನ ಪೂರ್ತಿ ಬಿಡುವು ಇವೂ ಇದೇ ಲೆಕ್ಕಕ್ಕೆ ಸೇರುತ್ತವೆ. ವಾಲಿಬಾಲ್ ಮೈದಾನವನ್ನು ವಾಹನ ನಿಲ್ಲಿಸಲು ಬಿಟ್ಟುಕೊಟ್ಟ ಸಂಸ್ಥೆ ಮಕ್ಕಳ ಆರೋಗ್ಯದ ಬಗ್ಗೆ ಎಷ್ಟು ಮಾತಾಡಿದರೂ ಅದನ್ನು ನಂಬುವುದು ಕಷ್ಟ.

ಅಂಕವನ್ನು ತಿಳಿಸುವ ರೀತಿಯೂ ಮುಖ್ಯ. ವಾರದ ಟೆಸ್ಟು ನಡೆದ ಸಂಜೆಯೇ ಎಲ್ಲರ ಹೆಸರು, ಅಂಕ, ಸ್ಥಾನವನ್ನು ಸೂಚನಾ ಫಲಕದಲ್ಲಿ ಅಂಟಿಸುವುದು, ಅದೇ ಪಟ್ಟಿಯನ್ನು ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಎಷ್ಟೋ ಕಡೆ ವಾಡಿಕೆ. ಮೊದಲ ಹತ್ತು ಮಂದಿಗೆ ಅದರಿಂದ ಹುರುಪು ಬರಬಹುದು. ಕೊನೆಯ ಐವತ್ತು ಮಂದಿಗೆ ಅದು ವಾರವಾರದ ಅವಮಾನ. ಅಂಕದ ಮೇಲೆ ಸೆಕ್ಷನ್ ವಿಂಗಡಿಸಿ, ಒಳ್ಳೆಯ ಉಪನ್ಯಾಸಕರನ್ನು ಟಾಪ್ ಬ್ಯಾಚಿಗೆ ಮಾತ್ರ ಕಳಿಸುವ ಪದ್ಧತಿ ಇನ್ನೂ ಕ್ರೂರ. ಅತಿ ಹೆಚ್ಚು ಸಹಾಯ ಬೇಕಾದವರಿಗೆ ಅತಿ ಕಡಿಮೆ ಸಿಗುವಂತೆ ಅದು ಮಾಡುತ್ತದೆ. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ದೇಶಕ್ಕೆಲ್ಲ ಅನ್ವಯಿಸುವ 15 ಮಾರ್ಗಸೂಚಿಗಳನ್ನು ನೀಡಿತು. ಅಂಕದ ಆಧಾರದಲ್ಲಿ ಬ್ಯಾಚು ವಿಂಗಡಿಸುವುದನ್ನೂ, ಎಲ್ಲರೆದುರು ಹೀಯಾಳಿಸುವುದನ್ನೂ ಬಿಡಬೇಕೆಂದು ಅವು ಹೇಳುತ್ತವೆ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರೊಬ್ಬರು ಇರಬೇಕೆಂದೂ ಹೇಳುತ್ತವೆ. ನ್ಯಾಯಾಲಯ ಹೇಳುವ ಮೊದಲೇ ಅಂಕವನ್ನು ಯಾರನ್ನೂ ಹೀಯಾಳಿಸದೆ ತಿಳಿಸಿ ನೋಡಿದ ಉಪನ್ಯಾಸಕರು ಇದ್ದಾರೆ. ಉತ್ತರಪತ್ರಿಕೆಯನ್ನು ಒಬ್ಬೊಬ್ಬರಿಗೇ ಕೈಗೆ ಕೊಟ್ಟು, ಹಿಂದಿನ ಟೆಸ್ಟಿನ ಪತ್ರಿಕೆಯ ಪಕ್ಕದಲ್ಲಿಟ್ಟು ಎಲ್ಲಿ ಸುಧಾರಿಸಿದೆ, ಎಲ್ಲಿ ಜಾರಿದೆ ಎಂದು ಎರಡು ನಿಮಿಷ ತೋರಿಸಿದರೆ ಸಾಕು. ಪೋಷಕರಿಗೆ ಅಂಕ ಕಳಿಸುವುದನ್ನು ಒಂದು ದಿನ ತಡಮಾಡಿದರೆ ಮಕ್ಕಳೇ ಮೊದಲು ಮನೆಗೆ ಹೇಳುವ ಅವಕಾಶ ಸಿಗುತ್ತದೆ.

ಮನೆಯ ಪಾಲು ಕಾಲೇಜಿನದಕ್ಕಿಂತ ಕಡಿಮೆಯೇನಲ್ಲ. ಹಾಸ್ಟೆಲಿಗೆ ಬರುವ ಭಾನುವಾರದ ಫೋನಿನಲ್ಲಿ ಟೆಸ್ಟು ಹೇಗಾಯಿತು ಎಂಬುದೇ ಮೊದಲ ಪ್ರಶ್ನೆಯಾದರೆ, ಕೆಲವೇ ವಾರಗಳಲ್ಲಿ ಮಗು ಫೋನನ್ನೇ ತಪ್ಪಿಸತೊಡಗುತ್ತದೆ. ‘ಊಟ ಸೇರ್ತಿದೆಯಾ ಮಗಾ, ನಿದ್ದೆ ಆಗ್ತಿದೆಯಾ’ ಎಂದು ಶುರುಮಾಡುವ ತಾಯಂದಿರಿಗೆ ಅಂಕದ ಸುದ್ದಿಯೂ ತಾನಾಗಿ ಬರುತ್ತದೆ. ‘ನಿನ್ನ ಫೀಸಿಗೆ ಅಂತ ಸಾಲ ಮಾಡಿದೀವಿ’ ಎಂಬುದು ನಿಜವಾದ ಮಾತೇ ಇರಬಹುದು. ಆದರೆ ಹದಿನೇಳರ ಹುಡುಗ ಅದನ್ನು ಕೇಳಿಸಿಕೊಳ್ಳುವುದು ತನ್ನ ಹೆಸರಿನಲ್ಲಿರುವ ಸಾಲವೆಂದು. ಹುಡುಗಿಯರ ಮೇಲೆ ಇನ್ನೊಂದು ಹೊರೆಯಿದೆ: ಫೇಲಾದರೆ ಓದು ನಿಲ್ಲಿಸಿ ಮದುವೆ ಮಾಡುತ್ತೇವೆ ಎಂಬ ಬೆದರಿಕೆ. ಅಂಥವಳಿಗೆ ಪರೀಕ್ಷೆ ಇಡೀ ಬದುಕಿನ ಪಣವಾಗುತ್ತದೆ, ಕೈ ನಡುಗುವುದು ಸಹಜ. ಹದಿನೆಂಟು ತುಂಬದ ಹುಡುಗಿಗೆ ಮದುವೆಯ ಏರ್ಪಾಡು ನಿಜಕ್ಕೂ ನಡೆಯುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸುವುದು ಕಾಲೇಜಿನ ಕರ್ತವ್ಯ. ಬರೀ ಬೆದರಿಕೆಯಾಗಿದ್ದರೆ ತಂದೆಯನ್ನು ಕರೆಸಿ, ಮಗಳೆದುರೇ ‘ಏನೇ ಆದರೂ ಓದಿಸ್ತೀನಿ’ ಎಂದು ಅವರ ಬಾಯಿಂದ ಹೇಳಿಸುವುದು ಎಷ್ಟೋ ಸಲ ಸಾಧ್ಯವಾಗಿದೆ.

ಒತ್ತಡ ಅಪಾಯದ ಗೆರೆ ದಾಟುತ್ತಿರುವ ಸೂಚನೆಗಳು ಹೆಚ್ಚಾಗಿ ಮೆಸ್ಸಿನಲ್ಲೇ ಮೊದಲು ಕಾಣುತ್ತವೆ. ಊಟ ಬಿಡುವುದು, ಒಬ್ಬರೇ ಕೂರುವುದು, ಇಷ್ಟದ ಹಾಡು ಆಟಗಳಲ್ಲಿ ಆಸಕ್ತಿ ಕಳೆದುಕೊಳ್ಳುವುದು, ಸ್ನಾನ ಬಟ್ಟೆಯ ಕಡೆ ಗಮನವಿಲ್ಲದಿರುವುದು, ಪದೇಪದೇ ಹೊಟ್ಟೆನೋವು, ಮೊದಲೆಂದೂ ಇಲ್ಲದ ಸಿಟ್ಟು. ಇವು ಎರಡು ವಾರ ಬಿಡದೆ ಕಂಡರೆ ಕಾಯಬಾರದು. ಪ್ರೀತಿಯ ವಸ್ತುಗಳನ್ನು ಗೆಳೆಯರಿಗೆ ಹಂಚುವುದು, ನಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದು ಎಂಬ ಮಾತು ಕಂಡರೆ ಒಂದು ದಿನವೂ ಕಾಯುವಂತಿಲ್ಲ. ಆಗ ಬಾಗಿಲು ತೆರೆದ ಕೋಣೆಯಲ್ಲಿ, ಆದರೆ ಬೇರೆಯವರಿಗೆ ಕೇಳಿಸದಂತೆ, ಮೇಜಿನ ಎದುರು ನಿಲ್ಲಿಸದೆ ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಬೇಕು. ಸಾಯಬೇಕು ಅನ್ನಿಸುತ್ತಿದೆಯಾ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಕೇಳಿದಾಗ ಹೆಚ್ಚಿನವರಿಗೆ ಆಗುವುದು ನಿರಾಳ. ಯಾರಿಗೂ ಹೇಳುವುದಿಲ್ಲ ಎಂಬ ಮಾತು ಮಾತ್ರ ಕೊಡಬಾರದು; ಜೀವಕ್ಕೆ ಅಪಾಯವಿದ್ದರೆ ಸಹಾಯ ಮಾಡಬಲ್ಲವರಿಗೆ ಹೇಳಲೇಬೇಕಾಗುತ್ತದೆ ಎಂದು ಮೊದಲೇ ತಿಳಿಸಬೇಕು. ಆ ಹೊತ್ತಿನಲ್ಲಿ ಅವರನ್ನು ಒಬ್ಬರೇ ಬಿಡಬಾರದು.

ಉಪನ್ಯಾಸಕರು ಚಿಕಿತ್ಸಕರಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೂ ಸಿಗುತ್ತದೆ. ಅದಕ್ಕೆ ಮಾರ್ಗದರ್ಶಿ ಸಂಸ್ಥೆ ಬೆಂಗಳೂರಿನ ನಿಮ್ಹಾನ್ಸ್. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡು ಇದೆ. ಮನೋವೈದ್ಯರು ಎಂದರೆ ಬೆಚ್ಚಿಬೀಳುವ ಪೋಷಕರಿಗೆ ನಿದ್ದೆ, ಹಸಿವು, ತಲೆನೋವಿನ ಕಡೆಯಿಂದ ಮಾತು ಶುರುಮಾಡಿ, ಮೊದಲ ಭೇಟಿಗೆ ಜೊತೆಯಲ್ಲೇ ಹೋದರೆ ಒಪ್ಪುತ್ತಾರೆ. ಜೊತೆಗೆ ಹೋಗುವವರಿಲ್ಲದೆ ಬರೀ ಚೀಟಿ ಕೊಟ್ಟು ಕಳಿಸಿದಾಗ ಹೆಚ್ಚಿನವರು ಹೋಗುವುದೇ ಇಲ್ಲ.

ಪರೀಕ್ಷೆಯ ದಿನಗಳ ಬಗ್ಗೆ ಹೇಳಬೇಕಾದದ್ದು ಕಡಿಮೆ: ಬರೆದು ಬಂದ ಪತ್ರಿಕೆಯ ಉತ್ತರ ತಾಳೆ ನೋಡಿಸದಿರುವುದು, ಹಿಂದಿನ ರಾತ್ರಿ ಹೊಸ ಪಾಠ ಮುಟ್ಟಿಸದಿರುವುದು. ಫಲಿತಾಂಶದ ದಿನ ಹೆಚ್ಚು ಎಚ್ಚರ ಬೇಕು. ಅಂಕಗಳು ಮೊಬೈಲಿನಲ್ಲಿ ಬರುತ್ತವೆ, ಮನೆಯವರು ಹೊಲಕ್ಕೋ ಕೆಲಸಕ್ಕೋ ಹೋಗಿರುತ್ತಾರೆ, ಮಗು ಒಂಟಿಯಾಗಿ ಅದನ್ನು ನೋಡುತ್ತದೆ. ಆ ದಿನ ಮನೆಯಲ್ಲಿ ಹಿರಿಯರೊಬ್ಬರು ಇರುವಂತೆ ಮುಂಚೆಯೇ ಹೇಳಿಟ್ಟು, ನಪಾಸಾಗಬಹುದಾದವರಿಗೆ ಉಪನ್ಯಾಸಕರೇ ಮಧ್ಯಾಹ್ನದೊಳಗೆ ಫೋನು ಮಾಡುವುದು ಒಳ್ಳೆಯ ಕ್ರಮ. ಮಾತಾಡಲು ಗಟ್ಟಿಯಾದ ವಿಷಯವೂ ಇದೆ. ಉತ್ತರಪತ್ರಿಕೆಯ ಪ್ರತಿ ತರಿಸಿಕೊಂಡು ಮರುಮೌಲ್ಯಮಾಪನಕ್ಕೆ ಹಾಕಬಹುದು. 2023-24ನೇ ಸಾಲಿನಲ್ಲಿ ಪೂರಕ ಪರೀಕ್ಷೆಯ ಬದಲಿಗೆ ಬಂದ ಪದ್ಧತಿಯಿಂದ ಅದೇ ವರ್ಷ ಮತ್ತೆ ಬರೆದು, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು.

ನೀಟ್‌ನಲ್ಲಿ ಸೀಟು ಸಿಗದೆ ಲಾಂಗ್ ಟರ್ಮ್ ಕೋಚಿಂಗಿಗೆ ಸೇರುವವರು ಎಲ್ಲರ ಕಣ್ಣಿನಿಂದ ಮರೆಯಾಗುವ ಗುಂಪು. 2024ರಲ್ಲಿ 23 ಲಕ್ಷಕ್ಕೂ ಹೆಚ್ಚು ಮಂದಿ ನೀಟ್ ಬರೆದರು. ಎಂಬಿಬಿಎಸ್ ಸೀಟುಗಳಿದ್ದದ್ದು 1 ಲಕ್ಷದ ಆಸುಪಾಸು. ಚೆನ್ನಾಗಿ ಓದಿದವರಲ್ಲೂ ಬಹಳ ಮಂದಿ ಹೊರಗುಳಿಯಲೇಬೇಕಾದ ಲೆಕ್ಕ ಇದು. ಈ ಮಕ್ಕಳಿಗೆ ಕಾಲೇಜಿನ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ, ಜೊತೆಯವರು ಬೇರೆ ಬೇರೆ ಕೋರ್ಸು ಸೇರಿಯಾಗಿದೆ, ಮದುವೆ ಮುಂಜಿಗೆ ಹೋದರೆ ಈಗ ಏನು ಓದುತ್ತಿದ್ದೀಯ ಎಂಬ ಪ್ರಶ್ನೆ. 2024ರ ಜನವರಿಯಲ್ಲಿ ಬಂದ ಕೇಂದ್ರದ ಮಾರ್ಗಸೂಚಿ ಕೋಚಿಂಗ್ ಕೇಂದ್ರಗಳಲ್ಲಿ ದಿನಕ್ಕೆ 5 ಗಂಟೆಗಿಂತ ಹೆಚ್ಚು ತರಗತಿ ಇರಬಾರದು, ವಾರಕ್ಕೊಂದು ರಜೆ ಇರಬೇಕು ಎನ್ನುತ್ತದೆ. ಸೇರಿಸುವ ಮೊದಲು ಪೋಷಕರು ಅದನ್ನು ಕೇಳಿ ತಿಳಿದುಕೊಳ್ಳಬೇಕು. ಇನ್ನೊಂದು ಪ್ರಯತ್ನ ಮಾಡಬೇಕೇ ಎಂಬುದನ್ನು ಮಗುವೇ ನಿರ್ಧರಿಸಲಿ. ಎಷ್ಟು ಪ್ರಯತ್ನಕ್ಕೆ ನಿಲ್ಲಿಸುವುದು, ಆಮೇಲೆ ಬಿಎಸ್ಸಿಯೋ ನರ್ಸಿಂಗೋ ಕೃಷಿಯೋ ಫಾರ್ಮಸಿಯೋ ಎಂಬುದನ್ನು ಕೋಚಿಂಗಿನ ಫೀಸು ಕಟ್ಟುವ ಮೊದಲೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಬೇಕು. ಪಿಯು ಕಾಲೇಜು ಇಂಥವರ ಹೆಸರನ್ನು ಬೇರೆ ಪಟ್ಟಿಯಲ್ಲಿ ಇಟ್ಟುಕೊಂಡು, ಅವರಿಗೆ ಪಾಠ ಹೇಳಿದವರೊಬ್ಬರು ತಿಂಗಳಿಗೊಮ್ಮೆ ಫೋನು ಮಾಡುವ ಏರ್ಪಾಡನ್ನು ಮುಂದಿನ ನೀಟ್ ಮುಗಿಯುವವರೆಗೆ ನಡೆಸಬೇಕು.